ಶಿಳ್ಳೆಯಿಂದ ಸ್ನ್ಯಾಪ್‌ವರೆಗಿನ ಸೆಕೆಂಡುಗಳು

ಶುಕ್ರವಾರ ಸಂಜೆಗಳಲ್ಲಿ ನಾನು ಅಮೆರಿಕದ ಸಿನ್ಸಿನಾಟಿ ಹೊರವಲಯದ ಒಂದು ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಲೆಕ್ಕ ಬರೆಯುತ್ತೇನೆ. ಸಂಬಳವಿಲ್ಲದ ಕೆಲಸ. ಮಗ ಅದೇ ತಂಡದಲ್ಲಿ ಆಡುತ್ತಿದ್ದಾಗ ವಿಡಿಯೊ ತೆಗೆಯಲು ಯಾರೂ ಸಿಗದೆ ನನ್ನನ್ನು ಕರೆದಿದ್ದರು. ಅವನು ಕಾಲೇಜಿಗೆ ಹೋದ ಮೇಲೂ ಅವರು ನನ್ನನ್ನು ಬಿಡಲಿಲ್ಲ, ನಾನೂ ಅವರನ್ನು ಬಿಡಲಿಲ್ಲ. ಗ್ಯಾಲರಿಯ ಮೇಲ್ತುದಿಯ ಪ್ರೆಸ್ ಬಾಕ್ಸಿನಲ್ಲಿ ಹೆಡ್‌ಸೆಟ್ ಹಾಕಿಕೊಂಡು ಕೂತು, ಎಷ್ಟನೇ ಡೌನ್, ಇನ್ನೆಷ್ಟು ಗಜ ಬೇಕು, ಎದುರಾಳಿಗಳು ಯಾರನ್ನು ಎಲ್ಲಿ ನಿಲ್ಲಿಸಿದರು, ಏನಾಯಿತು ಎಂಬುದನ್ನು ಪ್ರತಿ ಪ್ಲೇಗೂ ಒಂದೊಂದು ಸಾಲಿನಲ್ಲಿ ತುಂಬುತ್ತೇನೆ. ಮುಖ್ಯ ಕೋಚ್ ಆಕ್ರಮಣದ ವೇಗ ಹೆಚ್ಚಿಸಲು ಹೊರಟಾಗ, ಅದರಿಂದ ನಿಜಕ್ಕೂ ಏನಾಗುತ್ತಿದೆ ಎಂದು ಅಳೆದು ಹೇಳುವ ಹೊಣೆಯೂ ನನ್ನ ಹೆಗಲಿಗೆ ಬಿತ್ತು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಚೆಂಡು ಹಿಡಿದ ತಂಡಕ್ಕೆ 10 ಗಜ ಮುಂದೆ ಸಾಗಲು 4 ಅವಕಾಶಗಳಿರುತ್ತವೆ, ಒಂದೊಂದೂ ಒಂದು ಡೌನ್. ಸಾಗಿದರೆ ಮತ್ತೆ 4, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಒಂದು ಪ್ಲೇ ಮುಗಿದು ಶಿಳ್ಳೆ ಕೇಳಿದ ಮೇಲೆ ಮುಂದಿನ ಸ್ನ್ಯಾಪ್‌ಗೆ, ಅಂದರೆ ನಡುವಿನ ಆಟಗಾರ (ಸೆಂಟರ್) ನೆಲದ ಚೆಂಡನ್ನು ಹಿಂದಕ್ಕೆ ಕೊಟ್ಟು ಪ್ಲೇ ಶುರು ಮಾಡುವುದಕ್ಕೆ, 40 ಸೆಕೆಂಡು ಸಮಯವಿದೆ. ಕಾಲೇಜುಗಳು 2008ರಲ್ಲಿ, ಹೈಸ್ಕೂಲುಗಳು 2019ರಲ್ಲಿ ಈ ಗಡಿಯಾರಕ್ಕೆ ಬಂದವು. ಆ ಬಿಡುವಿನಲ್ಲಿ 11 ಜನ ತಲೆಗೆ ತಲೆ ಕೊಟ್ಟು ಗುಂಪು ಸೇರಿ ಮುಂದಿನ ಪ್ಲೇ ಯಾವುದೆಂದು ಕೇಳಿಸಿಕೊಳ್ಳುವುದೇ ಹಡಲ್. ಆ ಗುಂಪನ್ನೇ ಕೈಬಿಟ್ಟು, ನೇರವಾಗಿ ಚೆಂಡಿನ ಬಳಿ ಬಂದು ನಿಂತು, ಎದುರಾಳಿ ಸಿದ್ಧನಾಗುವ ಮೊದಲೇ ಸ್ನ್ಯಾಪ್ ಮಾಡಿದರೆ ಅದು ನೋ-ಹಡಲ್. ಕ್ರಿಕೆಟ್‌ನಲ್ಲಿ ಬ್ಯಾಟ್ಸ್‌ಮನ್ ಗಾರ್ಡ್ ತೆಗೆದುಕೊಳ್ಳುವ ಮೊದಲೇ ಬೌಲರ್ ಓಡಿ ಬರುವಂತಿಲ್ಲ, ಇಲ್ಲಿ ಬರಬಹುದು.

ನಮ್ಮ ಊರಿನವರಿಗೆ ಇದು ಹೊಸತಲ್ಲ. ಕೊನೆಯ 2 ನಿಮಿಷಗಳ ಪರದಾಟಕ್ಕೆ ಮಾತ್ರ ಬಳಕೆಯಲ್ಲಿದ್ದ ಈ ಪದ್ಧತಿಯನ್ನು ಇಡೀ ಪಂದ್ಯಕ್ಕೆ ಹರಡಿದವರಲ್ಲಿ ಇಲ್ಲಿನ ವೃತ್ತಿಪರ ತಂಡ ಸಿನ್ಸಿನಾಟಿ ಬೆಂಗಾಲ್ಸ್‌ನ ಕೋಚ್ ಸ್ಯಾಮ್ ವೈಷ್ ಪ್ರಮುಖರು. 1988ರ ಋತುವಿನಲ್ಲಿ ಅವರು ತಂಡವನ್ನು ವೃತ್ತಿಪರ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ವರೆಗೆ ಒಯ್ದರು. ಆಗ ಬಫಲೋ ಬಿಲ್ಸ್ ತಂಡದವರು ಇದೆಲ್ಲ ಸರಿಯಲ್ಲವೆಂದು ತಕರಾರು ತೆಗೆದಿದ್ದರು. ಎರಡು ವರ್ಷ ಕಳೆಯುವುದರೊಳಗೆ ಅದೇ ಬಿಲ್ಸ್, ಪಾಸ್ ಎಸೆಯುವ ತಮ್ಮ ಮುಖ್ಯ ಆಟಗಾರ ಜಿಮ್ ಕೆಲಿಯನ್ನು ಮುಂದಿಟ್ಟುಕೊಂಡು, ಅದನ್ನೇ ತಮ್ಮ ಮುಖ್ಯ ಅಸ್ತ್ರ ಮಾಡಿಕೊಂಡರು! ಇಲ್ಲಿನ ಹಳಬರು ಈ ಕತೆಯನ್ನು ಇನ್ನೂ ಬಾಯಿ ತುಂಬ ಹೇಳುತ್ತಾರೆ.

ಅಳೆಯಲು ಹೊರಟಾಗ ಎದುರಾದ ಮೊದಲ ತೊಡಕು ತೀರ ಸಣ್ಣದು. ಫುಟ್‌ಬಾಲ್ ವಿಡಿಯೊವನ್ನು ಪ್ಲೇ ಲೆಕ್ಕದಲ್ಲಿ ತುಂಡು ತುಂಡಾಗಿ ತೆಗೆಯುವುದು ವಾಡಿಕೆ. ಸ್ನ್ಯಾಪ್‌ಗೆ ಸ್ವಲ್ಪ ಮೊದಲು ಕ್ಯಾಮೆರಾ ಚಾಲೂ, ಶಿಳ್ಳೆ ಬಿದ್ದೊಡನೆ ಬಂದ್. ಕೋಚ್‌ಗಳಿಗೆ ನೋಡಲು ಅದೇ ಅನುಕೂಲ. ಆದರೆ ವೇಗದ ಆಟದ ಪರಿಣಾಮವೆಲ್ಲ ಇರುವುದು ಹಾಗೆ ಕತ್ತರಿಸಿ ಎಸೆಯುವ ಭಾಗದಲ್ಲಿ. ಹಾಗಾಗಿ ಕ್ಯಾಮೆರಾ ಹಿಡಿಯುವ ಹುಡುಗನಿಗೆ, ಚೆಂಡು ನಮ್ಮ ಬಳಿ ಇರುವಷ್ಟು ಹೊತ್ತು ನಿಲ್ಲಿಸಲೇಬೇಡ ಎಂದೆ. ಶನಿವಾರ ಬೆಳಿಗ್ಗೆ ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು ಶಿಳ್ಳೆಯಿಂದ ಸ್ನ್ಯಾಪ್‌ವರೆಗಿನ ಸೆಕೆಂಡುಗಳನ್ನು ಒಂದೊಂದಾಗಿ ಬರೆದುಕೊಳ್ಳುತ್ತೇನೆ. ಹಡಲ್ ಇದ್ದಾಗ ನಮ್ಮ ಹುಡುಗರು 30 ಸೆಕೆಂಡು ದಾಟಿಸುತ್ತಿದ್ದರು. ವೇಗದ ಸೂಚನೆ ಇದ್ದಾಗ 15ರ ಆಸುಪಾಸು. ಅದಕ್ಕಿಂತ ಕೆಳಗಿಳಿಯುವುದು ನಮ್ಮ ಕೈಯಲ್ಲಿಲ್ಲ, ಅಂಪೈರ್ ಚೆಂಡನ್ನು ನೆಲಕ್ಕಿಡುವ ತನಕ ಕಾಯಲೇಬೇಕು. ಆದ್ದರಿಂದಲೇ ಕೋಚ್ ಕಲಿಸಿದ ಮೊದಲ ಪಾಠ ಓಟದ್ದಲ್ಲ: ಹಿಡಿದ ಚೆಂಡನ್ನು ಎಸೆಯಬೇಡಿ, ಬಿಟ್ಟು ಬರಬೇಡಿ, ಹತ್ತಿರದ ಅಂಪೈರ್ ಕೈಗೇ ಕೊಡಿ. ಈ ಸಣ್ಣ ಶಿಸ್ತೇ ಕೆಲವು ಸೆಕೆಂಡು ಉಳಿಸಿಕೊಟ್ಟಿತು.

ಎರಡನೆಯದು ಮಾತು ಕಡಿಮೆ ಮಾಡುವುದು. ಹಡಲ್‌ನಲ್ಲಿ ಒಂದು ಪ್ಲೇ ಹೆಸರು ಅರ್ಧ ವಾಕ್ಯದಷ್ಟು ಉದ್ದವಿರುತ್ತದೆ. ಯಾರು ಎಲ್ಲಿ ನಿಲ್ಲಬೇಕು, ಯಾರನ್ನು ತಡೆಯಬೇಕು, ಯಾವ ಕೂಗಿಗೆ ಸ್ನ್ಯಾಪ್ ಎಂಬುದೆಲ್ಲ ಅದರೊಳಗೆ ಸೇರಿರುತ್ತದೆ. ವೇಗದ ಆಟದಲ್ಲಿ ಇಷ್ಟೂ ಒಂದೇ ಪದದಲ್ಲಿ ಅಡಗಬೇಕು. ಆರೆಗಾನ್ ವಿಶ್ವವಿದ್ಯಾಲಯದಲ್ಲಿ ಚಿಪ್ ಕೆಲಿ ಕೋಚ್ ಆಗಿದ್ದಾಗ ಪ್ಲೇ ಸೂಚಿಸಲು ಮೈದಾನದ ಅಂಚಿನಲ್ಲಿ ಚಿತ್ರಗಳ ದೊಡ್ಡ ಫಲಕ ಎತ್ತಿ ಹಿಡಿಯುತ್ತಿದ್ದರು. ನಾವೂ ರಟ್ಟಿನ ಹಲಗೆ ಮಾಡಿಕೊಂಡೆವು. ಅದರ ಪಕ್ಕ ಮೂವರು ನಿಂತು ಕೈಸನ್ನೆ ಮಾಡುತ್ತಾರೆ, ನಿಜವಾದ ಸನ್ನೆ ಒಬ್ಬನದು ಮಾತ್ರ. ಇಷ್ಟೆಲ್ಲ ಮಾಡಿದರೂ ವೇಗವಾಗಿ ಆಡಬಲ್ಲ ಪ್ಲೇಗಳು ಕೈಬೆರಳೆಣಿಕೆಯಷ್ಟೇ. ವೇಗ ಬೇಕೆಂದರೆ ವೈವಿಧ್ಯವನ್ನು ಬಿಟ್ಟುಕೊಡಬೇಕು.

ಇನ್ನು ಎದುರಾಳಿಯ ಮೇಲಾಗುವ ಪರಿಣಾಮ. ದಣಿವು ಎಂದು ಎಲ್ಲರೂ ಹೇಳುತ್ತಾರೆ. ಆದರೆ ವಿಡಿಯೊದಲ್ಲಿ ನನಗೆ ಮೊದಲು ಕಂಡದ್ದು ಗೊಂದಲ. ನಮ್ಮವರು ಸಾಲಿಗೆ ಬಂದು ನಿಂತಾಗ ಎದುರಾಳಿಯ ರಕ್ಷಣೆಯ ಎರಡನೇ ಸಾಲಿನವನು (ಲೈನ್‌ಬ್ಯಾಕರ್) ಇನ್ನೂ ತನ್ನ ಕೋಚ್ ಕಡೆ ಮುಖ ಮಾಡಿ, ಅಂಗೈ ಮೇಲೆತ್ತಿ, ಏನು ಮಾಡಲಿ ಎಂದು ಕೇಳುತ್ತಿರುತ್ತಾನೆ. ಎಲ್ಲರಿಗಿಂತ ಹಿಂದೆ ಕಾವಲು ನಿಲ್ಲುವ ಇಬ್ಬರು ಸೇಫ್ಟಿಗಳಲ್ಲಿ ಒಬ್ಬನಿಗೆ ಸೂಚನೆ ತಲುಪಿದೆ, ಇನ್ನೊಬ್ಬನಿಗೆ ಇಲ್ಲ. ಹೀಗೆ ಒಂದೆರಡು ಸಲ ಆದ ಮೇಲೆ ಅವರ ಕೋಚ್ ಸೋತು ಸರಳ ದಾರಿ ಹಿಡಿಯುತ್ತಾನೆ. ಮುಸುಕಿನ ದಾಳಿ, ಕೊನೆ ಗಳಿಗೆಯ ಸ್ಥಾನಪಲ್ಲಟ ಎಲ್ಲವನ್ನೂ ಮಡಚಿಟ್ಟು, ಹುಡುಗರಿಗೆ ಬಾಯಿಪಾಠವಾಗಿರುವ ಒಂದೆರಡು ವ್ಯೂಹಗಳನ್ನೇ ನಿಲ್ಲಿಸುತ್ತಾನೆ. ನಾವು ನಾಲ್ಕೈದು ಪ್ಲೇಗಳಿಗೆ ಇಳಿದಿದ್ದೇವೆ ನಿಜ, ಆದರೆ ಅವನೂ ಇಳಿದಿದ್ದಾನೆ. ಮತ್ತು ಯಾವುದನ್ನು ನಿಲ್ಲಿಸುತ್ತಾನೆಂದು ನಮಗೆ ಮೊದಲೇ ಗೊತ್ತು. ನನ್ನ ಹಾಳೆಯಲ್ಲಿ ಅತ್ಯಂತ ಬೆಲೆಬಾಳುವ ಕಾಲಂ ಇದೇ.

ದಣಿವು ಆಮೇಲೆ ಬರುತ್ತದೆ, ಅದೂ ದಪ್ಪ ಮೈಯ ಹುಡುಗರಲ್ಲಿ. ಕಳೆದ ಋತುವಿನ ಒಂದು ಪಂದ್ಯದಲ್ಲಿ ಎದುರಾಳಿಗಳ ರಕ್ಷಣೆಯ ಮೊದಲ ಸಾಲಿನ ಮಧ್ಯದಲ್ಲಿ ನಿಲ್ಲುವ ಟ್ಯಾಕಲ್ ಒಬ್ಬನನ್ನು ಚೌಕಟ್ಟು ಚೌಕಟ್ಟಾಗಿ ನೋಡಿದೆ. ಮೊದಲ ಎರಡು ಪ್ಲೇಗಳಲ್ಲಿ ಅವನ ಬೆನ್ನು ನೆಲಕ್ಕೆ ಸಮಾಂತರ, ಬೆರಳುಗಳು ಹುಲ್ಲಿನಲ್ಲಿ ಊರಿವೆ, ಸ್ನ್ಯಾಪ್ ಆದೊಡನೆ ನಮ್ಮ ಸೆಂಟರನ್ನು ಹಿಂದಕ್ಕೆ ನೂಕುತ್ತಾನೆ. ನಾಲ್ಕನೆಯದಕ್ಕೆ ಕೈ ಸೊಂಟದ ಮೇಲೆ. ಆರನೆಯದಕ್ಕೆ ಬೆರಳು ನೆಲ ಮುಟ್ಟುವ ಮೊದಲೇ ಚೆಂಡು ಚಲಿಸಿತ್ತು. ಎದ್ದು ನಿಂತಂತೆಯೇ ಇದ್ದವನನ್ನು ಅವನಿಗಿಂತ ಹಗುರವಾದ ನಮ್ಮ ಹುಡುಗ ಪಕ್ಕಕ್ಕೆ ಸರಿಸಿದ, ಆ ಸಂದಿಯಲ್ಲೇ ಓಟ ಹೋಯಿತು. ಅವನ ಬದಲಿ ಆಟಗಾರ ಅಂಚಿನಲ್ಲಿ ಹೆಲ್ಮೆಟ್ ಹಾಕಿಕೊಂಡು ಸಿದ್ಧನಾಗಿದ್ದ, ಒಳಗೆ ಬರಲು ಸಮಯವಿರಲಿಲ್ಲ. ಕಾಲೇಜು ಮತ್ತು ವೃತ್ತಿಪರ ಆಟದಲ್ಲಿ ಆಕ್ರಮಣದವರು ಆಟಗಾರನನ್ನು ಬದಲಿಸಿದರೆ ರಕ್ಷಣೆಗೂ ಬದಲಿಸಲು ಸಮಯ ಕೊಡಬೇಕೆಂಬ ನಿಯಮವಿದೆ. ಆಕ್ರಮಣದವರು ಬದಲಿಸದಿದ್ದರೆ ಆ ಹಂಗೂ ಇಲ್ಲ. ವೇಗದ ತಂಡಗಳು ಒಂದೇ 11 ಮಂದಿಯನ್ನು ಇಟ್ಟುಕೊಂಡು ಸಾಗುವುದರ ಗುಟ್ಟು ಇದು.

ಈಗ ಖರ್ಚಿನ ಬಾಬತ್ತು. ಮೂರು ಪಾಸುಗಳು ಕೈಗೆ ಸಿಗದೆ ನೆಲಕ್ಕೆ ಬಿದ್ದವೆನ್ನಿ. ಪ್ರತಿ ಸಲವೂ ಗಡಿಯಾರ ನಿಲ್ಲುತ್ತದೆ. ಚೆಂಡನ್ನು ದೂರ ಒದ್ದು (ಪಂಟ್ ಮಾಡಿ) ಎದುರಾಳಿಗೆ ಒಪ್ಪಿಸುವ ಹೊತ್ತಿಗೆ ಪಂದ್ಯದ ಗಡಿಯಾರದಲ್ಲಿ ಅರ್ಧ ನಿಮಿಷವೂ ಕಳೆದಿರುವುದಿಲ್ಲ. ಆಗಷ್ಟೇ ಬೆಂಚಿನ ಮೇಲೆ ಕೂತು ಬಾಟಲಿ ಎತ್ತಿದ ನಮ್ಮ ರಕ್ಷಣಾ ಪಡೆ ಮತ್ತೆ ಮೈದಾನಕ್ಕಿಳಿಯಬೇಕು. ಹೈಸ್ಕೂಲಿನಲ್ಲಿ ಎರಡೂ ಕಡೆ ಆಡುವ ಹುಡುಗರು ಬೇರೆ ಇರುತ್ತಾರೆ. ಅವರಿಗೆ ಬೆಂಚೂ ಇಲ್ಲ, ಬಾಟಲಿಯೂ ಇಲ್ಲ. ರಕ್ಷಣೆಯ ಕೋಚ್ ಹೆಡ್‌ಸೆಟ್‌ನಲ್ಲಿ ಗೊಣಗುವುದು ನನಗೆ ಚೆನ್ನಾಗಿ ಕೇಳಿಸುತ್ತದೆ. 1991ರ ಜನವರಿಯಲ್ಲಿ ನಡೆದ 25ನೇ ಸೂಪರ್ ಬೌಲ್ ಇದರ ಹಳೆಯ ಉದಾಹರಣೆ. ನ್ಯೂಯಾರ್ಕ್ ಜೈಂಟ್ಸ್ 60 ನಿಮಿಷಗಳಲ್ಲಿ 40 ನಿಮಿಷ 33 ಸೆಕೆಂಡು ಚೆಂಡನ್ನು ತಮ್ಮಲ್ಲೇ ಇಟ್ಟುಕೊಂಡು, ಬಿಲ್ಸ್ ತಂಡದ ವೇಗವನ್ನು ಅಂಚಿನಲ್ಲೇ ಕೂರಿಸಿ, 20–19ರಿಂದ ಗೆದ್ದರು.

ಹಾಗೆಂದು, ವೇಗದ ತಂಡಗಳ ರಕ್ಷಣೆ ಕೆಟ್ಟದ್ದು ಎಂದು ಪತ್ರಿಕೆಗಳು ಬರೆಯುವುದನ್ನು ನಾನು ಒಪ್ಪುವುದಿಲ್ಲ. ಪಂದ್ಯಕ್ಕೆ ಎಷ್ಟು ಗಜ ಬಿಟ್ಟುಕೊಟ್ಟರು ಎಂದು ಎಣಿಸಿದರೆ ಅವು ಕೆಟ್ಟದಾಗಿ ಕಾಣುವುದು ಸಹಜ, ಏಕೆಂದರೆ ಪಂದ್ಯದಲ್ಲಿ ಪ್ಲೇಗಳೇ ಹೆಚ್ಚು. ಚೆಂಡು ಒಮ್ಮೆ ಇವರಿಗೆ, ಒಮ್ಮೆ ಅವರಿಗೆ ಸಿಗುವ ಆಟದಲ್ಲಿ ವೇಗ ಹೆಚ್ಚಿದರೆ ಇಬ್ಬರ ಸರದಿಯೂ ಹೆಚ್ಚುತ್ತದೆ. ಅದಕ್ಕೇ ನಾನು ಪ್ರತಿ ಪ್ಲೇಗೆ ಎಷ್ಟು ಗಜ, ಪ್ರತಿ ಸರದಿಗೆ ಎಷ್ಟು ಅಂಕ ಎಂದು ಬರೆಯುತ್ತೇನೆ. ಇದರಿಂದ ಇನ್ನೊಂದು ಮಾತೂ ಹೊರಡುತ್ತದೆ. ಸರದಿಗಳು ಹೆಚ್ಚಿದಷ್ಟೂ ಅದೃಷ್ಟದ ಪಾಲು ಕರಗಿ ಬಲಶಾಲಿ ಮೇಲೆ ಬರುತ್ತಾನೆ. ನಮಗಿಂತ ಬಲವಾದ ತಂಡದೆದುರು ವೇಗವಾಗಿ ಆಡುವುದೆಂದರೆ ಸೋಲಿಗೆ ಆಮಂತ್ರಣ ಪತ್ರಿಕೆ ಹಂಚಿದ ಹಾಗೆ. ಕೋಚ್‌ಗೆ ಇದನ್ನು ಒಪ್ಪಿಸಲು ಒಂದಿಡೀ ಬೇಸಿಗೆ ಹಿಡಿಯಿತು. ಸಣ್ಣ ತಂಡ ದೊಡ್ಡವರನ್ನು ಓಡಿಸಿ ಸುಸ್ತು ಮಾಡಬೇಕೆಂಬುದು ಅವರ ಹಳೆಯ ನಂಬಿಕೆ, ಅದರಲ್ಲಿ ಹುರುಳಿಲ್ಲವೆಂದೂ ಅಲ್ಲ.

ಈಗ ನಾವು ವೇಗವನ್ನು ಗೇರಿನಂತೆ ಬದಲಿಸುತ್ತೇವೆ. ಸರದಿಯ ಮೊದಲ ಪ್ಲೇಗಳು ನಿಧಾನ. 10 ಗಜ ದಾಟಿ ಹೊಸ ಡೌನ್ ಸಿಕ್ಕೊಡನೆ ವೇಗ, ಏಕೆಂದರೆ ಆಗ ಎದುರಾಳಿ ಹಿಮ್ಮೆಟ್ಟಿ ಓಡುತ್ತಿರುತ್ತಾನೆ. ಪಾಸ್ ನೆಲಕ್ಕೆ ಬಿದ್ದರೆ ಮತ್ತೆ ನಿಧಾನ. ಮೂರನೆಯ ಗೇರು ಎಲ್ಲಕ್ಕಿಂತ ಮೋಜಿನದು: ಓಡಿ ಬಂದು ನಿಲ್ಲುತ್ತಾರೆ, ಸ್ನ್ಯಾಪ್ ಆಗೇಬಿಟ್ಟಿತು ಎನ್ನುವಷ್ಟರಲ್ಲಿ ಎಲ್ಲರೂ ತಲೆಯೆತ್ತಿ ಅಂಚಿನ ಕಡೆ ನೋಡುತ್ತಾರೆ. ಗಾಬರಿಯಲ್ಲಿ ಎದುರಾಳಿ ತನ್ನ ವ್ಯೂಹವನ್ನು ತೋರಿಸಿಬಿಟ್ಟಿರುತ್ತಾನೆ. ಮೇಲಿನಿಂದ ನಾನು ಅದನ್ನು ಓದಿ ಹೇಳುತ್ತೇನೆ, ಕೋಚ್ ಅದಕ್ಕೆ ತಕ್ಕ ಪ್ಲೇ ಕಳಿಸುತ್ತಾರೆ.

ಬೇಸರದ ಬೆಳವಣಿಗೆಯೂ ಒಂದಿದೆ. ವೇಗ ಮುರಿಯಲು ಕೆಲವರು ಗಾಯದ ನಾಟಕ ಆಡುತ್ತಾರೆ, ಸುಮ್ಮನೆ ಹೋಗುತ್ತಿದ್ದವನು ಕಾಲು ಹಿಡಿದುಕೊಂಡು ಮಲಗುತ್ತಾನೆ. ಚೆಂಡು ನೆಲಕ್ಕಿಟ್ಟ ಮೇಲೆ ಹಾಗೆ ಬಿದ್ದವನನ್ನು ನೋಡಲು ವೈದ್ಯಕೀಯ ಸಿಬ್ಬಂದಿ ಒಳಗೆ ಬಂದರೆ ಅವನ ತಂಡದ ಒಂದು ಟೈಮ್‌ಔಟ್ ಕಳೆಯಬೇಕೆಂದು ಕಾಲೇಜು ಆಟದಲ್ಲಿ 2025ರಲ್ಲಿ ನಿಯಮ ಬಂದಿದೆ. ಅದಕ್ಕೂ ಮೊದಲು, 2014ರಲ್ಲಿ, ಮೊದಲ 10 ಸೆಕೆಂಡು ಸ್ನ್ಯಾಪ್ ಮಾಡಲೇಬಾರದು ಎಂಬ ಪ್ರಸ್ತಾಪವಿತ್ತು. ಆಟಗಾರರ ಸುರಕ್ಷತೆಯ ಹೆಸರಿನಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ಆಗಿನ ಕೋಚ್ ನಿಕ್ ಸೇಬನ್ ಬೆಂಬಲಿಸಿದರು, ಗದ್ದಲವೆದ್ದು ಕೆಲವೇ ವಾರಗಳಲ್ಲಿ ಬಿದ್ದುಹೋಯಿತು. ಸೇಬನ್ ಆಮೇಲೆ ತಾವೂ ವೇಗಕ್ಕೆ ಒಗ್ಗಿಕೊಂಡರು. ಆದರೆ ಅವರ ಮೂಲ ಮಾತು ಪೂರ್ತಿ ನೆಪವಾಗಿರಲಿಲ್ಲ ಎನ್ನಿಸುತ್ತದೆ. ಪ್ಲೇಗಳು ಹೆಚ್ಚಿದರೆ ಡಿಕ್ಕಿಗಳೂ ಹೆಚ್ಚುತ್ತವೆ, ಇದಕ್ಕೆ ದೊಡ್ಡ ಗಣಿತ ಬೇಡ.

ಹಾಗಾಗಿ ಈ ಋತುವಿನಿಂದ ರಕ್ಷಣೆಯ ಕೋಚ್ ಕೇಳಿಕೊಂಡಂತೆ ನನ್ನ ಹಾಳೆಗೆ ಒಂದು ಕಾಲಂ ಸೇರಿಸಿದ್ದೇನೆ. ಎರಡೂ ಕಡೆ ಆಡುವ ಹುಡುಗರ ಜರ್ಸಿ ಸಂಖ್ಯೆ, ಪಕ್ಕದಲ್ಲಿ ಬಿಡುವಿಲ್ಲದೆ ಅವರು ಆಡಿದ ಪ್ಲೇಗಳು. ಎದುರಾಳಿಯ ಉದ್ದನೆಯ ಸರದಿ ಮುಗಿದು ಚೆಂಡು ನಮಗೆ ಬಂದಾಗ, ಮುಖ್ಯ ಕೋಚ್ ವೇಗದ ಹಲಗೆ ಎತ್ತಿಸುವ ಮೊದಲು, ನಾನು ಆ ಸಂಖ್ಯೆಗಳನ್ನು ಹೆಡ್‌ಸೆಟ್‌ನಲ್ಲಿ ಓದುತ್ತೇನೆ. ಒಮ್ಮೊಮ್ಮೆ ಹಲಗೆ ಕೆಳಗಿಳಿಯುತ್ತದೆ, ಒಮ್ಮೊಮ್ಮೆ ಇಲ್ಲ.