ಫರ್ಮ್‌ವೇರ್ ಹೇಳಿದ್ದೇನು, ಕರ್ನಲ್ ಕೇಳಿಸಿಕೊಂಡಿದ್ದೇನು: ನಿಮ್ಮ ಕಂಪ್ಯೂಟರಲ್ಲೇ ನೋಡುವ ಬಗೆ

ಹೋದ ಮಳೆಗಾಲದಲ್ಲಿ ಸಕಲೇಶಪುರದ ಹತ್ತಿರ ಮಾವನ ಮನೆಗೆ ಹೋಗಿದ್ದೆ. ಮರ ಬಿದ್ದು ಲೈನ್ ಹರಿದು ಒಂಬತ್ತು ದಿನ ಕರೆಂಟ್ ಇರಲಿಲ್ಲ. ಬಂದ ದಿನ ಮಾವ ತೋಟದ ಲೆಕ್ಕದ ಕಂಪ್ಯೂಟರ್ ಆನ್ ಮಾಡಿ ಬಟವಾಡೆ ಶೀಟ್ ತೆಗೆದರು. ತಾರೀಕು ನೋಡಿದರೆ ಒಂಬತ್ತು ದಿನ ಹಿಂದಿನದು. ನೆಟ್ ಇನ್ನೂ ಬಂದಿರಲಿಲ್ಲ, ಹಾಗಾಗಿ ತಾನಾಗಿ ಸರಿಯಾಗುವ ದಾರಿಯೂ ಇರಲಿಲ್ಲ.

“ನೋಡೋ, ಪ್ರತಿ ಸಲ ಕರೆಂಟ್ ಹೋದಾಗ್ಲೂ ಇದೇ ಕಥೆ. ಪೇಟೇಲಿ ತೋರಿಸ್ದೆ, ಬೋರ್ಡೇ ಹೋಗಿದೆ ಅಂದ್ರು” ಅಂದರು ಮಾವ.

ಬೋರ್ಡ್ ಹೋಗಿರಲಿಲ್ಲ. ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಯಂತ್ರದ ಭಾಗಗಳನ್ನೆಲ್ಲ ನಡೆಸುವ ಪ್ರೋಗ್ರಾಂ, ಅದೇ ಕರ್ನಲ್. ಅದು ಬರೆದಿಟ್ಟ ಲಾಗ್ (ದಿನಚರಿ) ತೆಗೆದು ನೋಡಿದೆ. ಬೋರ್ಡಿನ ಗಡಿಯಾರ ನೋಡಿ ಸಿಸ್ಟಮ್ ಟೈಮ್ ಇಟ್ಟುಕೊಂಡೆ ಅಂತ ಒಂದು ಸಾಲು, ಅದರಲ್ಲಿ ತಾರೀಕು 2014ರ ಜನವರಿ 1. ಅಂದರೆ ಬೋರ್ಡಿನ ಮೇಲಿನ ಬಿಲ್ಲೆ ಸೆಲ್ ಸತ್ತಿದೆ. ಕರೆಂಟ್ ಹೋದಾಗಲೆಲ್ಲ ಗಡಿಯಾರ ನಿಂತುಹೋಗುತ್ತಿತ್ತು. ಮತ್ತೆ ಆನ್ ಮಾಡಿದಾಗ ಫರ್ಮ್‌ವೇರ್ (ಬೋರ್ಡಿನ ಚಿಪ್‌ನಲ್ಲೇ ಕೂತಿರುವ ಪ್ರೋಗ್ರಾಂ) ತನ್ನೊಳಗಿದ್ದ ಡೀಫಾಲ್ಟ್ ತಾರೀಕನ್ನು ಅದಕ್ಕೆ ಹಾಕುತ್ತಿತ್ತು. ಕರ್ನಲ್ ಅದನ್ನೇ ನಂಬುತ್ತಿತ್ತು. ಆಮೇಲೆ ಲಿನಕ್ಸ್, ಇಷ್ಟು ಹಳೇ ತಾರೀಕು ಇರಲಿಕ್ಕಿಲ್ಲ ಅಂತ, ತಾನು ಕೊನೆಯ ಸಲ ಉಳಿಸಿಕೊಂಡಿದ್ದ ತಾರೀಕಿಗೆ ಗಡಿಯಾರವನ್ನು ಮುಂದಕ್ಕೆ ತಳ್ಳುತ್ತಿತ್ತು. ಒಂಬತ್ತು ದಿನದ ಲೆಕ್ಕ ಬಂದಿದ್ದು ಅಲ್ಲಿಂದ. ಸಿಆರ್2032 ಅಂತ ಸಿಗುತ್ತದಲ್ಲ, ಮೂರು ವೋಲ್ಟಿನ ಸೆಲ್, ಅದೊಂದನ್ನು ಬದಲಾಯಿಸಿದೆವು. ಅಷ್ಟೇ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕಂಪ್ಯೂಟರ್ ಕೈಕೊಟ್ಟರೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಕರ್ನಲ್‌ಗೆ ಈ ವಿಷಯ ಯಾರು ಹೇಳಿದರು? ಅದನ್ನು ನೋಡಲು ದುಡ್ಡು ಬೇಡ, ಸ್ಕ್ರೂಡ್ರೈವರೂ ಬೇಡ. ನಾನು ಹೇಳುವುದೆಲ್ಲ ಲಿನಕ್ಸ್‌ಗೆ. ಕಮಾಂಡ್‌ಗಳನ್ನು ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕಿ.

ಚಾರ್ಜ್ ಹಸ್ತಾಂತರ

ತೋಟಕ್ಕೆ ಹೊಸ ಮ್ಯಾನೇಜರ್ ಬಂದರು ಅಂದುಕೊಳ್ಳಿ. ಯಾವ ಬ್ಲಾಕಲ್ಲಿ ರೋಬಸ್ಟಾ, ಎಲ್ಲಿ ಮೆಣಸು, ಯಾವ ಗದ್ದೆ ಪಕ್ಕದವರದು, ಕೆರೆಯ ಪಂಪ್ ಹೇಗೆ ಹಾಕೋದು, ಇದೆಲ್ಲ ಅವರಿಗೆ ಹೇಳುವುದು ಹಳೇ ರೈಟ್ರು, ಅಂದರೆ ತೋಟದ ಗುಮಾಸ್ತರು. ರೈಟ್ರು ಕೊಟ್ಟ ಪುಸ್ತಕದಲ್ಲಿ ತಪ್ಪಿದ್ದರೆ ಮ್ಯಾನೇಜರ್ ಎಷ್ಟೇ ಜಾಣರಿದ್ದರೂ ಮೊದಲ ದಿನ ತಪ್ಪೇ ಮಾಡುತ್ತಾರೆ. ಫರ್ಮ್‌ವೇರ್ ಆ ರೈಟ್ರು, ಕರ್ನಲ್ ಈ ಮ್ಯಾನೇಜರ್.

ಪವರ್ ಬಟನ್ ಒತ್ತಿದ ಕೂಡಲೇ ಓಡುವುದು ಬೋರ್ಡಿನ ಮೇಲಿನ ಸಣ್ಣ ಫ್ಲ್ಯಾಶ್ ಚಿಪ್‌ನಲ್ಲಿರುವ ಫರ್ಮ್‌ವೇರ್. ರ‍್ಯಾಮ್ ಎಬ್ಬಿಸುವುದು, ಡಿಸ್ಕ್ ಹುಡುಕುವುದು ಅದರ ಕೆಲಸ. 1981ರ ಐಬಿಎಂ ಪಿಸಿಯಿಂದ ಬಂದ ಹಳೇ ಪದ್ಧತಿ ಬಯಾಸ್, ಈಗಿನದು ಯುಇಎಫ್ಐ. ಡಿಸ್ಕಿನಲ್ಲಿ ಫ್ಯಾಟ್ ಮಾದರಿಯ ಒಂದು ಪುಟ್ಟ ಪಾರ್ಟಿಷನ್ ಇರುತ್ತದೆ, ಯುಇಎಫ್ಐ ಅಲ್ಲಿಂದ ಬೂಟ್‌ಲೋಡರ್ ಓಡಿಸುತ್ತದೆ, ಅದು ಕರ್ನಲ್ಲನ್ನು ಮೆಮೊರಿಗೆ ತರುತ್ತದೆ. ನಂತರ “ಇನ್ನು ನಿನ್ನ ಬೂಟ್ ಕೆಲಸ ಮುಗಿಯಿತು” ಅಂತ ಫರ್ಮ್‌ವೇರ್‌ಗೆ ಹೇಳುವ ಒಂದು ಕರೆ ಇದೆ, ಹೆಸರು ಎಕ್ಸಿಟ್ ಬೂಟ್ ಸರ್ವೀಸಸ್. ಅದಾದ ಮೇಲೆ ಡಿಸ್ಕ್, ಸ್ಕ್ರೀನ್, ನೆಟ್‌ವರ್ಕ್ ಯಾವುದಕ್ಕೂ ಕರ್ನಲ್ ಫರ್ಮ್‌ವೇರ್ ಹತ್ತಿರ ಹೋಗುವಂತಿಲ್ಲ, ಎಲ್ಲಕ್ಕೂ ಸ್ವಂತ ಡ್ರೈವರ್. ರೈಟ್ರ ಹತ್ತಿರ ಉಳಿಯುವುದು ಸಮಯ ಹೇಳುವುದು, ಬೂಟ್ ಕ್ರಮದಂಥ ಚೀಟಿಗಳನ್ನು ಜೋಪಾನ ಮಾಡುವುದು, ಮಷೀನ್ ರೀಸೆಟ್ ಮಾಡುವುದು, ಇಂಥ ನಾಲ್ಕಾರು ಕೆಲಸ ಮಾತ್ರ.

ನಿಮ್ಮದು ಯಾವ ಪದ್ಧತಿಯಲ್ಲಿ ಬೂಟ್ ಆಗಿದೆ ಅಂತ ಮೊದಲು ನೋಡಿಕೊಳ್ಳಿ. ಫೈಲ್ ಮ್ಯಾನೇಜರಲ್ಲಿ ಎಲ್ಲಕ್ಕೂ ಮೇಲಿನ ರೂಟ್ ಜಾಗದಲ್ಲಿರುವ ಸಿಸ್ ಫೋಲ್ಡರ್, ಅದರೊಳಗೆ ಫರ್ಮ್‌ವೇರ್ ಫೋಲ್ಡರ್. ಅಲ್ಲಿ ಇಎಫ್ಐ ಅಂತ ಫೋಲ್ಡರ್ ಇದ್ದರೆ ಯುಇಎಫ್ಐ, ಇಲ್ಲದಿದ್ದರೆ ಹಳೇ ಬಯಾಸ್ ದಾರಿ. ಒಂದು ಎಚ್ಚರಿಕೆ: ಆ ಇಎಫ್ಐ ಫೋಲ್ಡರಿನೊಳಗಿನ ಇಎಫ್ಐ-ವಾರ್ಸ್ ಅನ್ನು ಸುಮ್ನೆ ನೋಡಿ, ಏನನ್ನೂ ಅಳಿಸಬೇಡಿ. ಅದು ಡಿಸ್ಕಿನ ಫೈಲುಗಳಲ್ಲ, ಫ್ಲ್ಯಾಶ್ ಚಿಪ್‌ನಲ್ಲಿರುವ ಚೀಟಿಗಳೇ. 2016ರಲ್ಲಿ ಯಾರೋ ಡಿಸ್ಕ್ ಪೂರ್ತಿ ಅಳಿಸಲು ಹೋಗಿ ಈ ಚೀಟಿಗಳೂ ಹೋಗಿ, ಲ್ಯಾಪ್‌ಟಾಪ್ ಮತ್ತೆ ಏಳಲೇ ಇಲ್ಲ. ಆಮೇಲೆ ಕರ್ನಲ್‌ನಲ್ಲೇ ಇದಕ್ಕೆ ಕಾವಲು ಹಾಕಿದರು. ಆದರೂ ಕೈ ಹಾಕೋದು ಬೇಡ.

ಲಾಗ್ ಓದುವುದು

ಟರ್ಮಿನಲ್ ತೆಗೆದು ಸುಡೊ ಅಂತ ಬರೆದು, ಜಾಗ ಬಿಟ್ಟು ಡಿ-ಎಂ-ಇ-ಎಸ್-ಜಿ (ಐದೂ ಅಕ್ಷರ ಸೇರಿಸಿ), ನಂತರ ಪೈಪ್ ಗೆರೆ, ನಂತರ ಲೆಸ್. ಎಂಟರ್ ಒತ್ತಿ. ಸಾವಿರಗಟ್ಟಲೆ ಸಾಲು ಬರುತ್ತದೆ, ಹೆದರಬೇಡಿ. ಓರೆಗೆರೆ ಒತ್ತಿ ಬೇಕಾದ ಪದ ಟೈಪ್ ಮಾಡಿದರೆ ಅಲ್ಲಿಗೇ ಹೋಗುತ್ತದೆ.

ಹೆಚ್ಚು ಕಡಿಮೆ ಶುರುವಿನಲ್ಲೇ ಬಯಾಸ್-ಇ820 ಅಂತ ಶುರುವಾಗುವ ಸಾಲುಗಳ ಪಟ್ಟಿ ಇರುತ್ತದೆ. ಇದು ರೈಟ್ರು ಕೊಟ್ಟ ಸರ್ವೆ ನಕ್ಷೆ. ಮೆಮೊರಿಯ ಇಲ್ಲಿಂದ ಇಲ್ಲಿವರೆಗೆ ಬಳಸಬಹುದು, ಇದು ಕಾಯ್ದಿಟ್ಟದ್ದು, ಇದು ಎಸಿಪಿಐ (ಅದನ್ನು ಮುಂದೆ ಹೇಳುತ್ತೇನೆ) ಮಾಹಿತಿ, ಹೀಗೆ. ಯುಇಎಫ್ಐ ಮಷೀನಿನಲ್ಲೂ ಬಯಾಸ್ ಅಂತಲೇ ಅಚ್ಚಾಗುತ್ತದೆ, ಹಳೇ ಹೆಸರು ಉಳಿದುಕೊಂಡಿದೆ ಅಷ್ಟೇ. “8 ಜಿಬಿ ರ‍್ಯಾಮ್ ಅಂತ ಕೊಟ್ಟು ಏಳು ಚಿಲ್ಲರೆ ತೋರಿಸ್ತಿದೆ, ಅಂಗಡಿಯವನು ಮೋಸ ಮಾಡಿದ” ಅಂತ ನನ್ನ ಹತ್ತಿರ ಬಂದವರಿಗೆಲ್ಲ ನಾನು ಈ ಪಟ್ಟಿಯನ್ನೇ ತೋರಿಸುವುದು. ಪ್ರೊಸೆಸರ್ ಜೊತೆಗೇ ಬರುವ ಗ್ರಾಫಿಕ್ಸ್‌ಗೆ ಸ್ವಲ್ಪ ಜಾಗ ಕೊಟ್ಟು, ತನಗೆ ಬೇಕಾದ್ದನ್ನು ಇಟ್ಟುಕೊಂಡು, ಉಳಿದಿದ್ದನ್ನು ಮಾತ್ರ ಫರ್ಮ್‌ವೇರ್ ಕರ್ನಲ್‌ಗೆ ಬರೆದುಕೊಟ್ಟಿರುತ್ತದೆ. ರ‍್ಯಾಮ್ ಎಲ್ಲೂ ಹೋಗಿಲ್ಲ.

ಆಮೇಲೆ ಎಸಿಪಿಐ ಅಂತ ಹುಡುಕಿ. ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಇದು. 1996ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ ತಂದ ಪದ್ಧತಿ. ಬ್ಯಾಟರಿ ಎಷ್ಟಿದೆ, ಮುಚ್ಚಳ ಮುಚ್ಚಿದೆಯಾ, ಫ್ಯಾನ್ ಯಾವಾಗ ಓಡಬೇಕು, ಇವನ್ನೆಲ್ಲ ಕೇಳುವ ರೀತಿ ಒಂದೊಂದು ಬೋರ್ಡಿನಲ್ಲಿ ಒಂದೊಂದು ಥರ. ಪ್ರತಿ ಬೋರ್ಡಿಗೂ ಕರ್ನಲ್ ಬೇರೆ ಬೇರೆ ಡ್ರೈವರ್ ಬರೆಯಲು ಆಗುತ್ತಾ? ಅದಕ್ಕೆ ಫರ್ಮ್‌ವೇರ್ ಟೇಬಲ್‌ಗಳ ಜೊತೆ ಸಣ್ಣ ಸಣ್ಣ ಪ್ರೋಗ್ರಾಂಗಳನ್ನೇ ಕೊಡುತ್ತದೆ. ಯಾವ ಪ್ರೊಸೆಸರಿಗೂ ಸೇರದ, ಎಎಂಎಲ್ ಅನ್ನುವ ಭಾಷೆಯಲ್ಲಿ. ಕರ್ನಲ್ ಒಳಗೆ ಆ ಭಾಷೆಯನ್ನು ಓದಿ ನಡೆಸುವ ಇಂಟರ್‌ಪ್ರಿಟರ್ ಇದೆ. ನೀವು ಬ್ಯಾಟರಿ ಗುರುತಿನ ಮೇಲೆ ಕಣ್ಣು ಹಾಯಿಸಿದಾಗ ಕಾಣುವ ಅಂಕಿ, ಸಾಮಾನ್ಯವಾಗಿ ಲ್ಯಾಪ್‌ಟಾಪ್ ಮಾಡಿದವರು ಬರೆದ ಆ ಪುಟ್ಟ ಕೋಡನ್ನು ಕರ್ನಲ್ ನಡೆಸಿ ತಂದ ಅಂಕಿ!

ಆ ಕೋಡಿನಲ್ಲಿ ತಪ್ಪುಗಳೂ ಇರುತ್ತವೆ. ಎಸಿಪಿಐ ಬಯಾಸ್ ಎರರ್ ಅಂತ ಸಾಲು, ಅಥವಾ ಚೌಕದ ಆವರಣದಲ್ಲಿ ಫರ್ಮ್‌ವೇರ್ ಬಗ್ ಅಂತ ಬಂದರೆ ಕರ್ನಲ್ ನೇರವಾಗಿ ಹೇಳುತ್ತಿದೆ: ರೈಟ್ರ ಪುಸ್ತಕದಲ್ಲೇ ತಪ್ಪಿದೆ. ಒಂದೆರಡು ಇಂಥ ಸಾಲು ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಇರುತ್ತವೆ, ಎಲ್ಲವೂ ಸರಿಯಾಗಿ ಓಡುತ್ತಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಕೀಬೋರ್ಡ್ ಲೈಟ್, ಫ್ಯಾನ್, ಟಚ್‌ಪ್ಯಾಡ್ ಏನಾದರೂ ತೊಂದರೆ ಕೊಡುತ್ತಿದ್ದರೆ ಮಾತ್ರ ಆ ಸಾಲು ಬರೆದಿಟ್ಟುಕೊಳ್ಳಿ.

ಇನ್ನೊಂದು ವಿಷಯ. ಫರ್ಮ್‌ವೇರ್‌ನ ಈ ಕೋಡ್ ಎಷ್ಟೋ ಸಲ “ನೀನು ಯಾವ ವಿಂಡೋಸ್?” ಅಂತ ಕೇಳುತ್ತದೆ. ಲಿನಕ್ಸ್ ಕರ್ನಲ್ ಕೊಡುವ ಉತ್ತರ ಹೌದು, ವಿಂಡೋಸೇ. ಕಾರಣ ಇದೆ. ಲ್ಯಾಪ್‌ಟಾಪ್ ಮಾಡುವವರು ಜಾಸ್ತಿ ಪರೀಕ್ಷೆ ಮಾಡಿರುವುದು ವಿಂಡೋಸ್ ದಾರಿಯನ್ನು. ಬೇರೆ ಹೆಸರು ಹೇಳಿದರೆ ಯಾರೂ ನಡೆದು ನೋಡದ ದಾರಿಗೆ ಬೀಳುತ್ತೇವೆ. ಕರ್ನಲ್ ಬರೆದವರ ಈ ತೀರ್ಮಾನ ಸರಿ ಅಂತಲೇ ನನ್ನ ಅಭಿಪ್ರಾಯ.

ವೈಫೈ ಬರುತ್ತಿಲ್ಲ ಅನ್ನುವವರು ಲಾಗ್‌ನಲ್ಲಿ ಡೈರೆಕ್ಟ್ ಫರ್ಮ್‌ವೇರ್ ಲೋಡ್ ಅಂತ ಹುಡುಕಿ. ಕೊನೆಯಲ್ಲಿ ಎರರ್ ಮೈನಸ್ 2 ಅಂತ ಇದ್ದರೆ ಅರ್ಥ ಇಷ್ಟೇ, ಆ ಫೈಲ್ ಇಲ್ಲ. ಇದು ಬೋರ್ಡಿನದಲ್ಲ, ವೈಫೈ ಚಿಪ್ಪಿನ ಸ್ವಂತ ಫರ್ಮ್‌ವೇರ್. ಅದನ್ನು ಡಿಸ್ಕಿನಿಂದ ಎತ್ತಿ ಚಿಪ್ಪಿಗೆ ತುಂಬುವುದು ಕರ್ನಲ್ ಕೆಲಸ. ಮೊಬೈಲನ್ನು ಯುಎಸ್‌ಬಿಯಲ್ಲಿ ಸಿಕ್ಕಿಸಿ ಟೆಥರಿಂಗ್ ಮಾಡಿ, ಉಬುಂಟು ಅಥವಾ ಮಿಂಟ್ ಆದರೆ ಲಿನಕ್ಸ್-ಫರ್ಮ್‌ವೇರ್ ಪ್ಯಾಕೇಜ್ ಹಾಕಿ ರೀಸ್ಟಾರ್ಟ್ ಮಾಡಿ. ಡೆಬಿಯನ್‌ನವರು 2023ರ ಆವೃತ್ತಿ 12ರಿಂದ ಇಂಥ ಫೈಲುಗಳನ್ನು ಇನ್‌ಸ್ಟಾಲ್ ಡಿಸ್ಕಿನಲ್ಲೇ ಕೊಡುತ್ತಿದ್ದಾರೆ.

ಬ್ಯಾಗಲ್ಲಿ ಬಿಸಿಯಾಗುವ ಲ್ಯಾಪ್‌ಟಾಪ್

ಹಾಸನದಲ್ಲಿ ಮುಚ್ಚಳ ಮುಚ್ಚಿ ಬ್ಯಾಗಿಗೆ ಹಾಕಿ ಬಸ್ ಹತ್ತುತ್ತೀರಿ, ಬೆಂಗಳೂರಲ್ಲಿ ತೆಗೆದರೆ ಕಾವಲಿ ಥರ ಬಿಸಿ, ಬ್ಯಾಟರಿ ಖಾಲಿ. ಸಿಸ್ ಫೋಲ್ಡರ್, ಅದರಲ್ಲಿ ಪವರ್, ಅದರಲ್ಲಿ ಮೆಮ್-ಅಂಡರ್‌ಸ್ಕೋರ್-ಸ್ಲೀಪ್ ಅನ್ನುವ ಫೈಲ್ ತೆಗೆಯಿರಿ. ಎಸ್2ಐಡಲ್, ಡೀಪ್ ಅಂತ ಎರಡು ಪದ ಇರಬಹುದು, ಚೌಕದ ಆವರಣದಲ್ಲಿ ಇರುವುದು ಈಗ ಆರಿಸಿರುವುದು. ಡೀಪ್ ಅಂದರೆ ರ‍್ಯಾಮ್ ಬಿಟ್ಟು ಹೆಚ್ಚುಕಮ್ಮಿ ಎಲ್ಲದರ ಕರೆಂಟ್ ತೆಗೆಯುವ ನಿದ್ದೆ, ಎಬ್ಬಿಸುವುದು ಫರ್ಮ್‌ವೇರ್. ಎಸ್2ಐಡಲ್‌ನಲ್ಲಿ ಮಷೀನ್ ಆಫ್ ಆಗಿಯೇ ಇರುವುದಿಲ್ಲ, ಕರ್ನಲ್ ಎಲ್ಲರನ್ನೂ ಸುಮ್ಮನೆ ಕೂರಿಸಿರುತ್ತದೆ. ಒಂದು ಡಿವೈಸ್ ಸುಮ್ಮನಿರದಿದ್ದರೂ ಬಿಸಿ ಶುರು.

ಡೀಪ್ ಪಟ್ಟಿಯಲ್ಲಿದ್ದರೆ ಗ್ರಬ್ ಅನ್ನುವ ಬೂಟ್‌ಲೋಡರಿನ ಸೆಟ್ಟಿಂಗ್‌ನ ಕರ್ನಲ್ ಸಾಲಿಗೆ ಮೆಮ್-ಅಂಡರ್‌ಸ್ಕೋರ್-ಸ್ಲೀಪ್-ಅಂಡರ್‌ಸ್ಕೋರ್-ಡೀಫಾಲ್ಟ್, ಈಕ್ವಲ್ ಗುರುತು, ಡೀಪ್ ಅಂತ ಸೇರಿಸಿ, ಅಪ್‌ಡೇಟ್-ಗ್ರಬ್ ಓಡಿಸಿ. ಮನೆಯಲ್ಲೇ ನಾಲ್ಕೈದು ಸಲ ಮುಚ್ಚಿ ತೆಗೆದು ನೋಡಿ, ಸರಿಯಾಗಿ ಏಳುತ್ತಿದ್ದರೆ ಇಟ್ಟುಕೊಳ್ಳಿ. ಪಟ್ಟಿಯಲ್ಲೇ ಇಲ್ಲವೆಂದರೆ ಫರ್ಮ್‌ವೇರ್ ಆ ನಿದ್ದೆ ಇದೆ ಅಂತ ಕರ್ನಲ್‌ಗೆ ಹೇಳಿಯೇ ಇಲ್ಲ. ಕೆಲವು ಲ್ಯಾಪ್‌ಟಾಪ್‌ಗಳ ಸೆಟಪ್ ಪರದೆಯಲ್ಲಿ ಸ್ಲೀಪ್ ಬಗ್ಗೆ ಆಯ್ಕೆ ಇರುತ್ತದೆ, ಅದನ್ನು ನೋಡಿ. ಅಲ್ಲೂ ಇಲ್ಲದಿದ್ದರೆ ಪ್ರಯಾಣಕ್ಕೆ ಮೊದಲು ಶಟ್‌ಡೌನ್ ಮಾಡುವುದೇ ವಾಸಿ.

ಐದೂವರೆ ಗಂಟೆಯ ಗೊಂದಲ

ವಿಂಡೋಸ್, ಲಿನಕ್ಸ್ ಎರಡೂ ಇರುವವರಿಗೆ ಇದು ಗೊತ್ತೇ ಇರುತ್ತದೆ. ಬೋರ್ಡಿನ ಗಡಿಯಾರದಲ್ಲಿ ವಿಂಡೋಸ್ ನಮ್ಮ ಸಮಯ ಬರೆಯುತ್ತದೆ. ಲಿನಕ್ಸ್ ಅದನ್ನು ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರುವ, ಇಡೀ ಲೋಕಕ್ಕೆ ಒಂದೇ ಆದ ಸಮಯ) ಅಂದುಕೊಂಡು ಮೇಲೆ 5:30 ಸೇರಿಸುತ್ತದೆ. ನೆಟ್ ಇದ್ದರೆ ತಾನೇ ಸರಿಯಾಗುತ್ತದೆ, ಮೂಡಿಗೆರೆ, ಕೊಪ್ಪದ ಕಡೆ ಮಳೆಗಾಲದಲ್ಲಿ ನೆಟ್ ಎಲ್ಲಿರುತ್ತೆ? ಲಿನಕ್ಸ್‌ನಲ್ಲಿ ಟೈಮ್‌ಡೇಟ್-ಸಿಟಿಎಲ್ ಅಂತ ಸೇರಿಸಿ ಬರೆದು, ಜಾಗ ಬಿಟ್ಟು ಸೆಟ್-ಲೋಕಲ್-ಆರ್‌ಟಿಸಿ, ಮತ್ತೆ ಜಾಗ ಬಿಟ್ಟು 1 ಕೊಡಿ. ಹೀಗೆ ಮಾಡಬೇಡಿ ಅಂತ ಅದು ಎಚ್ಚರಿಸುತ್ತದೆ. ಬೇಸಿಗೆಗೊಮ್ಮೆ ಗಡಿಯಾರ ತಿರುಗಿಸುವ ದೇಶಗಳಲ್ಲಿ ಇದು ನಿಜಕ್ಕೂ ತೊಂದರೆ ಕೊಡುತ್ತದೆ. ನಮ್ಮಲ್ಲಿ ಆ ಪದ್ಧತಿ ಇಲ್ಲ, ನಾನು ಧೈರ್ಯವಾಗಿ ಹಾಕುತ್ತೇನೆ.

ಫರ್ಮ್‌ವೇರ್ ಅಪ್‌ಡೇಟ್

ಬರೆದಿಟ್ಟ ತಪ್ಪಿನ ಸಾಲು ಕರ್ನಲ್ ಹೊಸದಾದ ಮೇಲೂ ತೊಂದರೆ ಕೊಡುತ್ತಿದ್ದರೆ ಮಾತ್ರ ಇದಕ್ಕೆ ಬನ್ನಿ. ಎಫ್‌ಡಬ್ಲ್ಯೂಯುಪಿಡಿಎಂಜಿಆರ್ ಅನ್ನುವ ಕಮಾಂಡ್‌ಗೆ ರಿಫ್ರೆಶ್, ಆಮೇಲೆ ಗೆಟ್-ಅಪ್‌ಡೇಟ್ಸ್ ಕೊಟ್ಟರೆ ನಿಮ್ಮ ಮಾಡೆಲ್‌ಗೆ ಏನಾದರೂ ಬಂದಿದೆಯಾ ಅಂತ ಹೇಳುತ್ತದೆ. ಅಪ್‌ಡೇಟ್ ಅಂದಾಗ ಹೊಸ ಫರ್ಮ್‌ವೇರ್ ಫೈಲ್ ಆ ಪುಟ್ಟ ಪಾರ್ಟಿಷನ್ನಿಗೆ ಹೋಗುತ್ತದೆ, ಜೊತೆಗೆ ಫರ್ಮ್‌ವೇರ್‌ಗೆ ಒಂದು ಚೀಟಿ. ರೀಸ್ಟಾರ್ಟ್ ಆದಾಗ ಚಿಪ್ಪಿಗೆ ಬರೆಯುವ ಕೆಲಸ ಕರ್ನಲ್ ಇಲ್ಲದ ಹೊತ್ತಲ್ಲಿ ನಡೆಯುತ್ತದೆ.

ಆ ಎರಡು ಮೂರು ನಿಮಿಷ ಕರೆಂಟ್ ಹೋದರೆ ಮಷೀನ್ ಏಳದೇ ಹೋಗಬಹುದು. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿಸಿ, ಚಾರ್ಜರ್ ಸಿಕ್ಕಿಸಿಯೇ ಮಾಡಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಮಾಡಲೇಬೇಡಿ. ಆಷಾಢದ ಗಾಳಿಮಳೆಯಲ್ಲಂತೂ ಬೇಡವೇ ಬೇಡ. ಮಾವನ ಕಂಪ್ಯೂಟರಿಗೂ ಒಂದು ಅಪ್‌ಡೇಟ್ ಇತ್ತು, ಹಾಕಲಿಲ್ಲ. ಸೆಲ್ ಬದಲಾಯಿಸಿದ ಮೇಲೆ ಪ್ಲಗ್ ತೆಗೆದು ಅರ್ಧ ಗಂಟೆ ಬಿಟ್ಟು ಮತ್ತೆ ಹಾಕಿ ಲಾಗ್ ತೆಗೆದೆವು. ಗಡಿಯಾರದ ಸಾಲಿನಲ್ಲಿ ಅವತ್ತಿನ ತಾರೀಕೇ ಇತ್ತು. ಮಾವ ಕನ್ನಡಕ ಹಾಕಿಕೊಂಡು ಆ ಸಾಲನ್ನು ಎರಡು ಸಲ ಓದಿ, ಬಟವಾಡೆ ಶೀಟ್ ತೆಗೆದರು.