ಖಾಲಿ ಚಿಪ್‌ಗೆ ಬೂಟ್‌ಲೋಡರ್ ತುಂಬಿಸಲು ನಾನೇ ಮಾಡಿಕೊಂಡ ಪ್ರೋಗ್ರಾಮರ್

ಆರ್ಡುಯಿನೊ ಊನೊ ಬೋರ್ಡಿನ ಮಿದುಳಾದ ಎಟಿಮೆಗಾ328ಪಿ ಚಿಪ್ ಬೂಟ್‌ಲೋಡರ್ (ಕಂಪ್ಯೂಟರ್‌ನಿಂದ ನೇರವಾಗಿ ಪ್ರೋಗ್ರಾಂ ತೆಗೆದುಕೊಳ್ಳಲು ಚಿಪ್‌ನಲ್ಲಿರುವ ಪುಟ್ಟ ಪ್ರೋಗ್ರಾಂ) ಸಮೇತವೂ ಸಿಗುತ್ತದೆ, ಖಾಲಿಯಾಗಿಯೂ ಸಿಗುತ್ತದೆ. ಖಾಲಿಯದಕ್ಕೆ ಬೆಲೆ ಕಡಿಮೆ. ಒಂದೆರಡು ಸಾಕು ಅನ್ನುವವರು ತುಂಬಿಸಿದ್ದನ್ನೇ ಕೊಳ್ಳುವುದು ವಾಸಿ. ನಾನು ಮಕ್ಕಳಿಗೆ ಕಿಟ್ ಕಟ್ಟಿಕೊಡುತ್ತೇನೆ, ನನಗೆ ಜಾಸ್ತಿ ಬೇಕಿತ್ತು. ಹಾಗಾಗಿ ಖಾಲಿ ಚಿಪ್‌ಗಳನ್ನು ತಂದು, ತುಂಬಿಸುವ ಸಾಧನವನ್ನು ಮನೆಯಲ್ಲೇ ಮಾಡಿಕೊಂಡೆ.

ಎಲ್ಲರಿಗೂ ಗೊತ್ತಿರುವ ದಾರಿ ಒಂದಿದೆ. ಆರ್ಡುಯಿನೊ ಊನೊಗೆ ಐಎಸ್‌ಪಿ ಸ್ಕೆಚ್ (ಊನೊವನ್ನೇ ಪ್ರೋಗ್ರಾಮರ್ ಆಗಿಸುವ ಪ್ರೋಗ್ರಾಂ) ಹಾಕಿ, ಬ್ರೆಡ್‌ಬೋರ್ಡ್ ಮೇಲೆ ಚಿಪ್ ಕೂರಿಸಿ ವೈರ್ ಎಳೆಯುವುದು. ಊನೊದ 10ನೇ ಪಿನ್ ಚಿಪ್‌ನ 1ನೇ ಕಾಲಿಗೆ, ಅಂದರೆ ರೀಸೆಟ್‌ಗೆ ಹೋಗುತ್ತದೆ. 11, 12, 13 ಕ್ರಮವಾಗಿ 17, 18, 19ಕ್ಕೆ. ಸ್ಕೆಚ್ ಹಾಕಿದ ಮೇಲೆ ಊನೊದ ರೀಸೆಟ್ ಮತ್ತು ಗ್ರೌಂಡ್ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಡಬೇಕು. ಇಲ್ಲದಿದ್ದರೆ ಕಂಪ್ಯೂಟರ್ ಪೋರ್ಟ್ ತೆರೆದ ಕೂಡಲೇ ಊನೊ ರೀಸೆಟ್ ಆಗಿ, ಅದರ ಸ್ವಂತ ಬೂಟ್‌ಲೋಡರ್ ನಡುವೆ ಬಾಯಿ ಹಾಕುತ್ತದೆ.

ಒಂದು ಚಿಪ್‌ಗೆ ಇಷ್ಟು ಸಾಕು. ಆದರೆ 28 ಕಾಲಿನ ಚಿಪ್ಪನ್ನು ಬ್ರೆಡ್‌ಬೋರ್ಡ್‌ಗೆ ಒತ್ತುವುದು, ಕೀಳುವುದು, ಮತ್ತೆ ಒತ್ತುವುದು ಬೇಸರದ ಕೆಲಸ. ಕಾಲು ಬಾಗುತ್ತದೆ, ವೈರ್ ಸಡಿಲವಾಗುತ್ತದೆ. ಆಮೇಲೆ ಬರುವ ಎರರ್ ಚಿಪ್‌ನದ್ದೋ ವೈರ್‌ನದ್ದೋ ತಿಳಿಯುವುದಿಲ್ಲ. ನನ್ನ ಪ್ರಕಾರ ಈ ಕೆಲಸದಲ್ಲಿ ಸರ್ಕ್ಯೂಟ್ ಸುಲಭ, ದುಡ್ಡು ಹಾಕಬೇಕಾದ್ದು ಸಾಕೆಟ್‌ಗೆ.

ಅದಕ್ಕೆ ಝಿಫ್ ಸಾಕೆಟ್ ಬೇಕು. ಸನ್ನೆ ಎತ್ತಿದರೆ ಚಿಪ್ ಸಡಿಲ, ಇಳಿಸಿದರೆ ಬಿಗಿ. ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋಗುವಾಗ ಜೇಬಿನಲ್ಲಿ ಒಂದು ಚಿಪ್ ಇಟ್ಟುಕೊಂಡು ಹೋಗಿ. 28 ಪಿನ್ ಅಂತ ಬಾಯಲ್ಲಿ ಹೇಳಿದರೆ ಅಗಲದ್ದು ಕೈಗೆ ಬರಬಹುದು. ಈ ಚಿಪ್‌ನ ಎರಡು ಸಾಲುಗಳ ನಡುವೆ 0.3 ಇಂಚು, ಅಗಲದ್ದರಲ್ಲಿ 0.6. ಕೂರಿಸಿ ನೋಡಿಯೇ ಕೊಳ್ಳುವುದು ಒಳ್ಳೆಯದು.

ಇದನ್ನು ಊನೊ ಮೇಲೆ ಕೂರುವ ಶೀಲ್ಡ್ ಆಗಿ ಜನರಲ್ ಪರ್ಪಸ್ ಪಿಸಿಬಿಯಲ್ಲಿ ಕಟ್ಟಿದೆ. ಊನೊದಲ್ಲಿ 7 ಮತ್ತು 8ನೇ ಪಿನ್‌ಗಳ ನಡುವಿನ ಅಂತರ 0.16 ಇಂಚು. ಪಿಸಿಬಿಯ ತೂತುಗಳು 0.1 ಇಂಚಿನವು. ಎಲ್ಲ ಕಡೆ ಹೆಡರ್ (ಪಿನ್‌ಗಳ ಸಾಲು) ಹಾಕಿದರೆ ಕೂರುವುದೇ ಇಲ್ಲ. ನಾನು 8ರಿಂದ 13ರ ಸಾಲಿಗೆ ಮಾತ್ರ ಹೆಡರ್ ಬೆಸುಗೆ ಹಾಕಿದೆ. ಗ್ರೌಂಡ್ ಅದೇ ಸಾಲಿನಲ್ಲಿದೆ. 5 ವೋಲ್ಟ್‌ಗೆ ಒಂದು, ಬಟನ್‌ಗೆ ಒಂದು ಬಿಡಿ ವೈರ್. 8 ಮತ್ತು 9ಕ್ಕೆ ಕೆಂಪು, ಹಸಿರು ಎಲ್‌ಇಡಿ.

ಸಾಕೆಟ್‌ನಲ್ಲಿ 7 ಮತ್ತು 20ಕ್ಕೆ 5 ವೋಲ್ಟ್, 8 ಮತ್ತು 22ಕ್ಕೆ ಗ್ರೌಂಡ್, ಹತ್ತಿರದಲ್ಲೇ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್. ರೀಸೆಟ್‌ಗೆ 10 ಕೆ ರೆಸಿಸ್ಟರ್. 9 ಮತ್ತು 10ರ ನಡುವೆ 16 ಮೆಗಾಹರ್ಟ್ಜ್ ಕ್ರಿಸ್ಟಲ್, ಅದರ ಎರಡೂ ಕಡೆಯಿಂದ ಗ್ರೌಂಡ್‌ಗೆ 22 ಪಿಕೋಫ್ಯಾರಡ್.

ಬಟನ್ ಯಾಕೆ ಅಂದರೆ, ಪ್ರತಿ ಚಿಪ್‌ಗೂ ಕಂಪ್ಯೂಟರ್ ಮುಂದೆ ಕೂರುವ ಮನಸ್ಸಿರಲಿಲ್ಲ. ಊನೊದ ಬೂಟ್‌ಲೋಡರ್ ಆದ ಆಪ್ಟಿಬೂಟ್ ಬರೀ 512 ಬೈಟ್ ಜಾಗದ್ದು. ಅದನ್ನು ಊನೊದ ಫ್ಲ್ಯಾಶ್ ಮೆಮೊರಿಯಲ್ಲೇ ಇಟ್ಟುಬಿಟ್ಟೆ. ಈಗ ಊನೊಗೆ ಮೊಬೈಲ್ ಚಾರ್ಜರ್ ಸಾಕು.

ಬಟನ್ ಒತ್ತಿದರೆ ಏನಾಗುತ್ತದೆ? ಹೊಸ ಚಿಪ್ ತನ್ನ ಒಳಗಿನ 8 ಮೆಗಾಹರ್ಟ್ಜ್ ಕ್ಲಾಕನ್ನು ಎಂಟರಿಂದ ಭಾಗಿಸಿ 1 ಮೆಗಾಹರ್ಟ್ಜ್‌ನಲ್ಲಿ ಓಡುತ್ತಿರುತ್ತದೆ. ಎಸ್‌ಪಿಐ, ಅಂದರೆ ಊನೊ ಚಿಪ್ ಜೊತೆ ಮಾತಾಡುವ ತಂತಿಗಳ ವೇಗ, ಅದರ ಕಾಲುಭಾಗಕ್ಕಿಂತ ಕಡಿಮೆ ಇರಬೇಕು. ನಾನು 125 ಕಿಲೋಹರ್ಟ್ಜ್ ಇಟ್ಟಿದ್ದೇನೆ. ಮೊದಲು ಸಿಗ್ನೇಚರ್, ಅಂದರೆ ಚಿಪ್‌ನ ಗುರುತಿನ ಸಂಖ್ಯೆ ಓದುವುದು. 328ಪಿ ಆದರೆ ಹೆಕ್ಸ್ ಅಂಕೆಗಳಲ್ಲಿ 1ಇ 95 0ಎಫ್ ಬರುತ್ತದೆ. ಒಮ್ಮೆ ತಂದ ಚಿಪ್‌ಗಳಲ್ಲಿ 1ಇ 95 14 ಅನ್ನುವವೂ ಬೆರೆತಿದ್ದವು. ಅವು ಪಿ ಇಲ್ಲದ 328. ಕೆಲಸಕ್ಕೆ ಬಾರದವೇನಲ್ಲ, ಆದರೆ ಕಿಟ್‌ಗೆ ಬೆರೆಸುವುದು ಬೇಡ ಅಂತ ಕೆಂಪು ದೀಪ ಉರಿಯುವಂತೆ ಮಾಡಿದೆ.

ಆಮೇಲೆ ಅಳಿಸುವುದು, ನಂತರ ಫ್ಯೂಸ್, ಅಂದರೆ ಕ್ಲಾಕ್ ಯಾವುದು ಎಂಬಂಥ ಸೆಟ್ಟಿಂಗ್ ಹಿಡಿದಿಡುವ ಬೈಟ್‌ಗಳು. ಲೋ ಎಫ್‌ಎಫ್, ಹೈ ಡಿಇ, ಎಕ್ಸ್‌ಟೆಂಡೆಡ್ ಎಫ್‌ಡಿ. ಲೋ ಫ್ಯೂಸ್ ಬದಲಾದರೆ ಚಿಪ್ ಹೊರಗಿನ ಕ್ರಿಸ್ಟಲ್‌ಗೆ ಹೊರಳುತ್ತದೆ. ಇಲ್ಲಿ ನನಗೆ ಇಷ್ಟವಾದ ಒಂದು ಉಪಾಯ ಇದೆ. ಫ್ಯೂಸ್ ಬರೆದ ತಕ್ಷಣ ರೀಸೆಟ್ ಬಿಟ್ಟು, ಮತ್ತೆ ಪ್ರೋಗ್ರಾಮಿಂಗ್‌ಗೆ ಕರೆಯುತ್ತೇನೆ. ಆಗ ಉತ್ತರ ಬಂದರೆ ಚಿಪ್ ಕ್ರಿಸ್ಟಲ್ ಮೇಲೆ ಓಡುತ್ತಿದೆ ಎಂದೇ ಅರ್ಥ. ಖರ್ಚಿಲ್ಲದೆ ಒಂದು ಪರೀಕ್ಷೆ ಮುಗಿಯಿತಲ್ವಾ? ಇನ್ನುಳಿದದ್ದು 7ಇ00 ವಿಳಾಸದಿಂದ 128 ಬೈಟ್‌ನ ಪುಟಗಳಾಗಿ ಬರೆಯುವುದು, ಓದಿ ತಾಳೆ ನೋಡುವುದು, ಕೊನೆಗೆ ಬೂಟ್‌ಲೋಡರ್ ಕಾಯುವ ಲಾಕ್ ಬಿಟ್ 0ಎಫ್. ಹಸಿರು ದೀಪ ಬಂದರೆ ಸನ್ನೆ ಎತ್ತಿ ಮುಂದಿನ ಚಿಪ್.

ಈ ಸಾಧನ ಇದೆ ಅಂತ ತಿಳಿದ ಮೇಲೆ ಗೆಳೆಯರು ಸತ್ತ ಚಿಪ್‌ಗಳನ್ನೂ ತರುತ್ತಾರೆ. ಅವುಗಳಲ್ಲಿ ಕೆಲವು ಸತ್ತಿರುವುದಿಲ್ಲ, ಹೊರಗಿನ ಕ್ಲಾಕ್ ಬೇಕು ಅಂತ ಫ್ಯೂಸ್ ತಪ್ಪಾಗಿ ಕೂತಿರುತ್ತದೆ ಅಷ್ಟೆ. ಅವಕ್ಕೆ ಕ್ರಿಸ್ಟಲ್ ಸಾಲದು. ಬ್ರೆಡ್‌ಬೋರ್ಡ್‌ನಲ್ಲಿ ಇಟ್ಟು, ಇನ್ನೊಂದು ಊನೊದ ಟೈಮರ್1 ಬಳಸಿ ಅದರ 9ನೇ ಪಿನ್‌ನಿಂದ 8 ಮೆಗಾಹರ್ಟ್ಜ್ ಕ್ಲಾಕನ್ನು ಚಿಪ್‌ನ 9ನೇ ಕಾಲಿಗೆ ಕೊಟ್ಟು, ಗ್ರೌಂಡ್ ಜೋಡಿಸಿದರೆ ಮಾತಾಡುತ್ತವೆ. ರೀಸೆಟ್ ಕಾಲನ್ನೇ ಫ್ಯೂಸ್‌ನಿಂದ ನಿಲ್ಲಿಸಿದ್ದರೆ ಮಾತ್ರ ಈ ದಾರಿ ನಡೆಯುವುದಿಲ್ಲ, 12 ವೋಲ್ಟ್‌ನ ಬೇರೆ ಸರ್ಕ್ಯೂಟ್ ಬೇಕು. ಅಂಥವನ್ನು ಸುಮ್ನೆ ಎತ್ತಿಟ್ಟಿದ್ದೇನೆ, ಅವಕ್ಕಾಗಿ ಇನ್ನೊಂದು ಬೋರ್ಡ್ ಕಟ್ಟುವಷ್ಟು ಇನ್ನೂ ಸೇರಿಲ್ಲ.