ಶಿಕ್ಷೆಯಾದವರು ಚುನಾವಣೆಗೆ ನಿಂತಾಗ: ಪ್ರಮಾಣಪತ್ರ ಓದಿ ನಿರ್ಧರಿಸುವ ಬಗೆ

ಮಂಗಳೂರಿನ ಹಂಪನಕಟ್ಟೆಯಿಂದ ನವಭಾರತ ವೃತ್ತದ ಕಡೆಗೆ ಹೋಗುವ ಕೆ.ಎಸ್. ರಾವ್ ರಸ್ತೆಗೆ ಹೆಸರು ಬಂದದ್ದು ಕಾರ್ನಾಡು ಸದಾಶಿವ ರಾಯರಿಂದ. ಉಪ್ಪಿನ ಸತ್ಯಾಗ್ರಹದ ಕಾಲದಲ್ಲಿ ಅವರು ಸೆರೆಮನೆ ಕಂಡವರು, ಅಂದಿನ ಕಾನೂನಿನ ಕಣ್ಣಿನಲ್ಲಿ ಅಪರಾಧಿ. ಆದ್ದರಿಂದ ‘ಜೈಲಿಗೆ ಹೋಗಿ ಬಂದವರು ಚುನಾವಣೆಗೆ ನಿಲ್ಲಬಹುದೇ’ ಎಂದು ಯಾರಾದರೂ ಕೇಳಿದಾಗ ನಾನು ಕೂಡಲೇ ಉತ್ತರಿಸುವುದಿಲ್ಲ. ಯಾವ ಕೃತ್ಯಕ್ಕೆ, ಯಾವ ಸೆಕ್ಷನ್‌ನ ಅಡಿಯಲ್ಲಿ, ಎಷ್ಟು ಶಿಕ್ಷೆ, ಆಮೇಲೆ ಏನಾಯಿತು ಎಂದು ತಿರುಗಿ ಕೇಳುತ್ತೇನೆ. ಈ ನಾಲ್ಕು ಪ್ರಶ್ನೆಗಳಿಗೆ ಮತದಾರರು ತಾವೇ ಉತ್ತರ ಕಂಡುಕೊಳ್ಳುವುದು ಹೇಗೆಂದು ತಿಳಿಸಲು ಈ ಬರಹ.

ಮೊದಲು ಕಾನೂನು ಎಳೆದಿರುವ ಗೆರೆಯನ್ನು ತಿಳಿದುಕೊಳ್ಳಬೇಕು. 1951ರ ಜನಪ್ರಾತಿನಿಧ್ಯ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ, ಯಾವುದೇ ಅಪರಾಧಕ್ಕೆ 2 ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಜೈಲುಶಿಕ್ಷೆಯಾದವರು ತೀರ್ಪಿನ ದಿನದಿಂದಲೇ ಅನರ್ಹರಾಗುತ್ತಾರೆ, ಮತ್ತು ಬಿಡುಗಡೆಯಾದ ಮೇಲೂ 6 ವರ್ಷ ಅನರ್ಹರಾಗಿಯೇ ಉಳಿಯುತ್ತಾರೆ. ಭ್ರಷ್ಟಾಚಾರ ತಡೆ ಕಾಯ್ದೆ, ಮಾದಕ ವಸ್ತು ಕಾಯ್ದೆ, ಅತ್ಯಾಚಾರ, ಮತದಾರರಿಗೆ ಲಂಚ, ಧರ್ಮ ಅಥವಾ ಭಾಷೆಯ ಹೆಸರಿನಲ್ಲಿ ದ್ವೇಷ ಬಿತ್ತುವುದು ಇಂಥವುಗಳಲ್ಲಿ ಶಿಕ್ಷೆಯ ಅವಧಿ ಲೆಕ್ಕಕ್ಕೇ ಬರುವುದಿಲ್ಲ. ಬರಿಯ ದಂಡ ವಿಧಿಸಿದ್ದರೂ ತೀರ್ಪಿನಿಂದ 6 ವರ್ಷ ಸ್ಪರ್ಧಿಸುವಂತಿಲ್ಲ. ಆಹಾರ ಕಲಬೆರಕೆ ಮತ್ತು ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕರಣಗಳಲ್ಲಿ 6 ತಿಂಗಳ ಶಿಕ್ಷೆಯಾದರೆ ಸಾಕು. ಹಾಲಿ ಶಾಸಕರು ಮತ್ತು ಸಂಸದರು ಮೇಲ್ಮನವಿ ಸಲ್ಲಿಸಿ ಸ್ಥಾನ ಉಳಿಸಿಕೊಳ್ಳಲು ಇದ್ದ ವಿನಾಯಿತಿಯನ್ನು ಸುಪ್ರೀಂ ಕೋರ್ಟ್ 2013ರ ಜುಲೈನಲ್ಲಿ ಲಿಲಿ ಥಾಮಸ್ ಪ್ರಕರಣದಲ್ಲಿ ರದ್ದುಪಡಿಸಿತು. ತೀರ್ಪು ಬಾರದೆ ಬಾಕಿ ಇರುವ ಪ್ರಕರಣಗಳು, ಅವು ಎಷ್ಟೇ ಗಂಭೀರವಾಗಿದ್ದರೂ, ಯಾರನ್ನೂ ಅನರ್ಹಗೊಳಿಸುವುದಿಲ್ಲ.

ಹೀಗಾಗಿ ಮತಯಂತ್ರದಲ್ಲಿ ಹೆಸರಿರುವ, ಶಿಕ್ಷೆಗೆ ಗುರಿಯಾದ ಅಭ್ಯರ್ಥಿಯು ಸಾಮಾನ್ಯವಾಗಿ ಮೂರು ಬಗೆಯವರಲ್ಲಿ ಒಬ್ಬರಾಗಿರುತ್ತಾರೆ: ಶಿಕ್ಷೆ ಕಡಿಮೆ ಇದ್ದವರು, ಅನರ್ಹತೆಯ ಅವಧಿ ಮುಗಿಸಿದವರು, ಅಥವಾ ಮೇಲಿನ ನ್ಯಾಯಾಲಯದಿಂದ ತಡೆ ಪಡೆದವರು. ಮೂರನೆಯವರ ವಿಷಯದಲ್ಲಿ ಗೊಂದಲ ಹೆಚ್ಚು. ಶಿಕ್ಷೆಯನ್ನು ಅಮಾನತಿನಲ್ಲಿಟ್ಟರೆ ಜೈಲುವಾಸ ಮಾತ್ರ ತಪ್ಪುತ್ತದೆ. ದೋಷಿ ಎಂಬ ತೀರ್ಪಿಗೇ ತಡೆ ಸಿಕ್ಕರೆ ಮಾತ್ರ ಅನರ್ಹತೆ ತೊಲಗುತ್ತದೆ. 2019ರಲ್ಲಿ ಕೋಲಾರದಲ್ಲಿ ಮಾಡಿದ ಭಾಷಣಕ್ಕಾಗಿ ರಾಹುಲ್ ಗಾಂಧಿಯವರಿಗೆ ಸೂರತ್ ನ್ಯಾಯಾಲಯ 2023ರ ಮಾರ್ಚ್‌ನಲ್ಲಿ ಸರಿಯಾಗಿ 2 ವರ್ಷ ಶಿಕ್ಷೆ ವಿಧಿಸಿದಾಗ ಸದಸ್ಯತ್ವ ಹೋಯಿತು, ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿಗೆ ತಡೆ ನೀಡಿದ ಮೇಲೆ ಮರಳಿ ಬಂತು. ಗಂಗಾವತಿಯ ಜನಾರ್ದನ ರೆಡ್ಡಿಯವರು ಓಬಳಾಪುರಂ ಗಣಿ ಪ್ರಕರಣದಲ್ಲಿ 7 ವರ್ಷದ ಶಿಕ್ಷೆಯಾಗಿ 2025ರ ಮೇ ತಿಂಗಳಲ್ಲಿ ಶಾಸಕ ಸ್ಥಾನ ಕಳೆದುಕೊಂಡು, ಹೈಕೋರ್ಟ್ ಆದೇಶದ ಬಳಿಕ ಅದನ್ನು ಮರಳಿ ಪಡೆದರು. ತಡೆ ಎಂದರೆ ನಿರ್ದೋಷಿ ಎಂದಲ್ಲ, ಮೇಲ್ಮನವಿ ಇನ್ನೂ ಇತ್ಯರ್ಥವಾಗಿಲ್ಲ ಎಂದಷ್ಟೇ ಅರ್ಥ.

ಇನ್ನು ಕಾಗದಪತ್ರದ ಕೆಲಸ. ವಿಧಾನಸಭೆ ಅಥವಾ ಲೋಕಸಭೆಗೆ ನಿಲ್ಲುವ ಪ್ರತಿಯೊಬ್ಬರೂ ನಾಮಪತ್ರದೊಂದಿಗೆ ‘ನಮೂನೆ 26’ ಎಂಬ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಬೇಕು. ಅದು ಭಾರತ ಚುನಾವಣಾ ಆಯೋಗದ ಜಾಲತಾಣದಲ್ಲಿಯೂ ‘ಕೆವೈಸಿ’ (ನೋ ಯುವರ್ ಕ್ಯಾಂಡಿಡೇಟ್, ನಿಮ್ಮ ಅಭ್ಯರ್ಥಿಯನ್ನು ತಿಳಿಯಿರಿ) ಎಂಬ ಆ್ಯಪ್‌ನಲ್ಲಿಯೂ ಎಲ್ಲರಿಗೂ ಸಿಗುತ್ತದೆ. ರಾಜ್ಯ, ಚುನಾವಣೆ, ಕ್ಷೇತ್ರ ಆರಿಸಿದರೆ ಬೈಂದೂರಿನಿಂದ ಸುಳ್ಯದವರೆಗಿನ ನಮ್ಮ 13 ವಿಧಾನಸಭಾ ಕ್ಷೇತ್ರಗಳಲ್ಲಿ ನಿಮ್ಮದು ಯಾವುದೋ ಅದರ ಅಭ್ಯರ್ಥಿಗಳ ಪಟ್ಟಿ ತೆರೆದುಕೊಳ್ಳುತ್ತದೆ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಉಡುಪಿಯ ಕಿನ್ನಿಮೂಲ್ಕಿಯಲ್ಲಿ ನೆರೆಹೊರೆಯ ನಾಲ್ವರು ಒಂದು ಸಂಜೆ ಕೂತು ನಮ್ಮ ಕ್ಷೇತ್ರದ ಪ್ರಮಾಣಪತ್ರಗಳನ್ನು ಒಂದೊಂದಾಗಿ ಓದಿದೆವು. ಆಸ್ತಿಯ ಪುಟಗಳಲ್ಲೇ ಸಮಯ ಕಳೆದು ಪ್ರಕರಣಗಳ ಪುಟಕ್ಕೆ ಬರುವಷ್ಟರಲ್ಲಿ ಎಲ್ಲರೂ ದಣಿದಿದ್ದೆವು. ಆದ್ದರಿಂದ ನನ್ನ ಸಲಹೆ, ಮೊದಲು 5 ಮತ್ತು 6ನೇ ಅಂಶಗಳನ್ನು ತೆರೆಯಿರಿ. 5ನೆಯದು ಬಾಕಿ ಪ್ರಕರಣಗಳದ್ದು, 6ನೆಯದು ಶಿಕ್ಷೆಯಾದ ಪ್ರಕರಣಗಳದ್ದು. ಎರಡನ್ನೂ ಬೆರೆಸಬೇಡಿ.

6ನೇ ಅಂಶದಲ್ಲಿ ಪ್ರಕರಣದ ಸಂಖ್ಯೆ, ನ್ಯಾಯಾಲಯ, ಸೆಕ್ಷನ್, ತೀರ್ಪಿನ ದಿನಾಂಕ, ಶಿಕ್ಷೆ ಮತ್ತು ಮೇಲ್ಮನವಿಯ ಸ್ಥಿತಿ ಇರಬೇಕು. ಆ ಸಂಖ್ಯೆಯನ್ನು ಇ-ಕೋರ್ಟ್ಸ್ ಜಾಲತಾಣದಲ್ಲಿ ಹಾಕಿದರೆ ಪ್ರಕರಣದ ಹಂತ ತಿಳಿಯುತ್ತದೆ, ಎಷ್ಟೋ ಬಾರಿ ತೀರ್ಪಿನ ಪ್ರತಿಯೇ ಸಿಗುತ್ತದೆ. 2024ರ ಜುಲೈ 1ರಿಂದ ಈಚಿನ ಕೃತ್ಯಗಳಿಗೆ ಹಳೆಯ ಭಾರತೀಯ ದಂಡ ಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ ಅನ್ವಯಿಸುವುದರಿಂದ ಸೆಕ್ಷನ್ ಸಂಖ್ಯೆಗಳು ಬದಲಾಗಿವೆ: ದ್ವೇಷ ಬಿತ್ತುವ ಅಪರಾಧದ ಹಳೆಯ 153ಎ ಈಗ 196, ಕೊಲೆಯತ್ನದ 307 ಈಗ 109, ಅಕ್ರಮ ಕೂಟದ 143 ಈಗ 189(2). ಕಾಲಂ ಖಾಲಿ ಬಿಟ್ಟಿದ್ದರೆ ಅದನ್ನು ಸಣ್ಣ ತಪ್ಪೆಂದು ತಿಳಿಯಬೇಡಿ. ಖಾಲಿ ಬಿಟ್ಟದ್ದನ್ನು ಸೂಚಿಸಿದ ಮೇಲೂ ತುಂಬದಿದ್ದರೆ ಚುನಾವಣಾಧಿಕಾರಿ ನಾಮಪತ್ರವನ್ನು ತಿರಸ್ಕರಿಸಬಹುದೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ.

ಪಕ್ಷವನ್ನೂ ವಿಚಾರಿಸಬೇಕು. ಕ್ರಿಮಿನಲ್ ಹಿನ್ನೆಲೆಯವರಿಗೆ ಟಿಕೆಟ್ ಕೊಟ್ಟ ಪಕ್ಷವು, ಅದಿಲ್ಲದ ಬೇರೆಯವರನ್ನು ಏಕೆ ಆರಿಸಲಿಲ್ಲ ಎಂಬ ಕಾರಣವನ್ನು ಪ್ರಕಟಿಸಬೇಕು, ಗೆಲ್ಲುವ ಸಾಮರ್ಥ್ಯವೊಂದೇ ಕಾರಣವಾಗಬಾರದು ಎಂದು ಸುಪ್ರೀಂ ಕೋರ್ಟ್ ನೀಡಿದ 2020ರ ಫೆಬ್ರವರಿಯ ಆದೇಶ ಹೇಳುತ್ತದೆ. ಅಭ್ಯರ್ಥಿಯೂ ಪ್ರಚಾರದ ಅವಧಿಯಲ್ಲಿ ಮೂರು ಬಾರಿ ಪತ್ರಿಕೆ ಮತ್ತು ಟಿವಿಯಲ್ಲಿ ತನ್ನ ಪ್ರಕರಣಗಳನ್ನು ಜಾಹೀರುಪಡಿಸಬೇಕು.

ಕಾಗದ ಓದಿ ಮುಗಿದ ಮೇಲೆ ತೂಗುವ ಕೆಲಸ ಬರುತ್ತದೆ, ಅದೇ ಕಷ್ಟದ್ದು. ನಾನು ಮೊದಲು ಕೇಳಿಕೊಳ್ಳುವುದು, ಆ ಕೃತ್ಯದಿಂದ ನೋವುಂಡವರು ಯಾರು ಎಂದು. ಸುರತ್ಕಲ್ ಟೋಲ್‌ಗೇಟ್ ತೆಗೆಸುವುದಕ್ಕೆ ನಡೆದಂತಹ ಹೋರಾಟದಲ್ಲಿ ರಸ್ತೆ ತಡೆದು ದಂಡ ಕಟ್ಟಿದವರನ್ನೂ, ಒಬ್ಬರ ತಲೆ ಒಡೆದು ಜೈಲು ಸೇರಿದವರನ್ನೂ ‘ಕೇಸಿನವರು’ ಎಂಬ ಒಂದೇ ಮಾತಿನಲ್ಲಿ ಸೇರಿಸುವುದು ಅನ್ಯಾಯ. ಎರಡನೆಯದಾಗಿ, ಆ ಅಪರಾಧಕ್ಕೂ ಕೇಳುತ್ತಿರುವ ಅಧಿಕಾರಕ್ಕೂ ಇರುವ ನಂಟನ್ನು ನೋಡುತ್ತೇನೆ. ಇಪ್ಪತ್ತು ವರ್ಷದ ಹಿಂದೆ ವ್ಯಾಪಾರ ಮುಳುಗಿ ಚೆಕ್ ಬೌನ್ಸ್ ಪ್ರಕರಣದಲ್ಲಿ ಶಿಕ್ಷೆಯಾಗಿ, ಸಾಲ ತೀರಿಸಿ, ಮತ್ತೆ ತಲೆಯೆತ್ತಿ ಬದುಕುತ್ತಿರುವವರನ್ನು ನಾನು ದೂರ ಇಡಲಾರೆ. ಶಿಕ್ಷೆ ಅನುಭವಿಸಿ ಮುಗಿಸಿದ ಮನುಷ್ಯನಿಗೆ ಊರಿನ ಕೆಲಸದಲ್ಲಿ ಪಾಲು ಇರಬೇಕು ಎಂದೇ ನನ್ನ ನಂಬಿಕೆ. ಆದರೆ ಲಂಚ ಪಡೆದು ಶಿಕ್ಷೆಯಾದವರ ಕೈಗೆ ಮತ್ತೆ ಕಾಮಗಾರಿಯ ಹಣ ಒಪ್ಪಿಸಲು ಮನಸ್ಸು ಒಪ್ಪುವುದಿಲ್ಲ. ಜನರನ್ನು ಒಬ್ಬರ ಮೇಲೊಬ್ಬರು ಎತ್ತಿಕಟ್ಟಿದ್ದು ನ್ಯಾಯಾಲಯದಲ್ಲಿ ಸಾಬೀತಾದವರಿಗಂತೂ, ಅವಧಿ ಮುಗಿದಿದ್ದರೂ, ನಾನು ಮತ ನೀಡುವುದಿಲ್ಲ. ಒಂದು ಕೊಲೆಯ ಸುದ್ದಿಗೆ ಇಡೀ ಪೇಟೆ ಮಧ್ಯಾಹ್ನವೇ ಬಾಗಿಲು ಹಾಕಿ, ಬಸ್ಸಿಲ್ಲದೆ ಕಾಲೇಜಿನ ಮಕ್ಕಳು ನಡೆದು ಮನೆ ಸೇರಿದ ದಿನಗಳನ್ನು ಈ ಕರಾವಳಿಯಲ್ಲಿ ಕಂಡವರಿಗೆ ಕಾರಣ ವಿವರಿಸಬೇಕಿಲ್ಲ.

ಆಮೇಲೆ ಅಭ್ಯರ್ಥಿಯ ಬಾಯಿಂದಲೇ ಕೇಳಬೇಕು. ಮನೆಗೆ ಮತ ಕೇಳಲು ಬಂದಾಗ, ಕೂರಿಸಿ, ನೀರು ಕೊಟ್ಟು, ‘ಪ್ರಮಾಣಪತ್ರದ 6ನೇ ಅಂಶದಲ್ಲಿರುವ ಪ್ರಕರಣದ ಬಗ್ಗೆ ಸ್ವಲ್ಪ ಹೇಳಬಹುದೇ?’ ಎಂದು ಗೌರವದಿಂದ ವಿಚಾರಿಸಿ. ನಡೆದದ್ದನ್ನು ನಡೆದಂತೆ ಹೇಳುವವರೂ ಇರುತ್ತಾರೆ, ಎಲ್ಲವೂ ರಾಜಕೀಯ ಪಿತೂರಿ ಎಂದು ಒಂದೇ ಮಾತಿನಲ್ಲಿ ಮುಗಿಸುವವರೂ ಇರುತ್ತಾರೆ. ಆ ಉತ್ತರವನ್ನು ತೀರ್ಪಿನ ಪ್ರತಿಯೊಂದಿಗೆ ಹೋಲಿಸಿ ನೋಡಿ. ನಾಮಪತ್ರ ಹಿಂಪಡೆಯುವ ಕೊನೆಯ ದಿನಕ್ಕೂ ಮತದಾನಕ್ಕೂ ನಡುವೆ ಕನಿಷ್ಠ 14 ದಿನ ಸಿಗುವುದರಿಂದ ಇದಕ್ಕೆಲ್ಲ ಸಮಯವಿದೆ.

ಪ್ರಕರಣವನ್ನು ಮುಚ್ಚಿಟ್ಟದ್ದು ಕಂಡುಬಂದರೆ ದಾಖಲೆ ಸಹಿತ ಚುನಾವಣಾಧಿಕಾರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಸುಳ್ಳು ಪ್ರಮಾಣಪತ್ರಕ್ಕೆ ಜನಪ್ರಾತಿನಿಧ್ಯ ಕಾಯ್ದೆಯ 125ಎ ಸೆಕ್ಷನ್‌ನಲ್ಲಿ 6 ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ ಇವೆ. ಮುಚ್ಚಿಟ್ಟು ಗೆದ್ದರೆ ಆ ಕ್ಷೇತ್ರದ ಯಾವ ಮತದಾರರಾದರೂ ಫಲಿತಾಂಶದಿಂದ 45 ದಿನದೊಳಗೆ ಹೈಕೋರ್ಟ್‌ನಲ್ಲಿ ಚುನಾವಣಾ ತಕರಾರು ಅರ್ಜಿ ಸಲ್ಲಿಸಬಹುದು. ಗಂಭೀರ ಪ್ರಕರಣಗಳನ್ನು ಮರೆಮಾಚುವುದು ಚುನಾವಣೆಯನ್ನೇ ಅಸಿಂಧುಗೊಳಿಸುವ ಭ್ರಷ್ಟ ಆಚರಣೆ ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿದೆ. ಅದಕ್ಕಾಗಿ ಪ್ರಮಾಣಪತ್ರದ ಪ್ರತಿಯನ್ನು ಪ್ರಚಾರದ ದಿನಗಳಲ್ಲೇ ಇಳಿಸಿಕೊಂಡು, ಮುದ್ರಿಸಿ, ಫಲಿತಾಂಶ ಬಂದು ಆ 45 ದಿನ ಕಳೆಯುವವರೆಗೆ ಜೋಪಾನವಾಗಿ ಇಟ್ಟುಕೊಳ್ಳಿ.